ಕೆಂಪು ದಾರದ ಸೌಟು

ಮೊದಲೇ ಬದನೆ ಮುಟ್ಟದ ಗಂಡ.
ಕರಿಬೇವು ಒಂದೊಂದೇ ಹೆಕ್ಕಿ
ತಟ್ಟೆಯ ಅಂಚಿಗೆ ಸಾಲು ನಿಲ್ಲಿಸುವವನು,
ಸಾಸಿವೆ ಹಲ್ಲಿಗೆ ಸಿಕ್ಕರೆ ಮುಖ ಹಿಂಡುವವನು.
ಮನೆಮನೆಯ ಕರೆಂಟು ಮೀಟರು ಓದುವ ಕೆಲಸ,
ಊಟಕ್ಕೆ ಕೂತರೂ ಹಾಗೇ:
ಮೊದಲು ಕಣ್ಣಲ್ಲಿ ಓದುತ್ತಾನೆ, ಆಮೇಲೆ ಕೈ.
"ನಮ್ಮ ಪಾಲಯ್ಯ ಮೊಲೆಹಾಲನ್ನೂ ಮೂಸಿ ನೋಡಿ ಕುಡಿದವನು"
ಅನ್ನುತ್ತಾರೆ ಅತ್ತೆ, ಹೆಮ್ಮೆಯೋ ಏನೋ.

ಸಾಲದ್ದಕ್ಕೆ ಮೂವತ್ತೆಂಟನೇ ವಯಸ್ಸಿಗೆ
ಶೇಂಗಾ ಒಗ್ಗದಾಯಿತು.
ಚಳ್ಳಕೆರೆಯಲ್ಲಿ!
ಗಾಳಿ ತಿರುಗಿದರೆ ಮಿಲ್ಲಿನ ಹಿಂಡಿಯ ವಾಸನೆ
ಒಣಹಾಕಿದ ಬಟ್ಟೆಗೂ ಹತ್ತುವ ಊರಲ್ಲಿ,
ಎಣ್ಣೆ ಎಂದರೆ ಒಂದೇ ಎಣ್ಣೆ ಎಂದು ತಿಳಿದ ಊರಲ್ಲಿ.

ಅವತ್ತು ಮಾಡಿದ್ದು ಬರೀ ಒಗ್ಗರಣೆ ಮಂಡಕ್ಕಿ.
ಎರಡು ತುತ್ತಿಗೆ ತುಟಿ ಊದಿ, ಕಣ್ಣು ಮುಚ್ಚಿ,
ಉಸಿರು ಹಳೇ ಸೈಕಲ್ ಪಂಪಿನ ಹಾಗೆ ಕೀರಲಾಗಿ,
ಪಕ್ಕದ ಮನೆ ಸೂರನಾಯಕರ ಗೂಡ್ಸ್ ಆಟೋದಲ್ಲಿ
ಈರುಳ್ಳಿ ಚೀಲಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಒಯ್ದದ್ದು.
ಆಮೇಲೆ ದಾವಣಗೆರೆಯ ಡಾಕ್ಟರು
ಮುಂಗೈ ತುಂಬ ಸೂಜಿ ಚುಚ್ಚಿ ನೋಡಿ ಚೀಟಿ ಬರೆದರು.
ಚೀಟಿಯಲ್ಲಿ ಒಂದೇ ಪದ,
ಕೆಳಗೆ ಮೂರು ಗೆರೆ.

ನನ್ನಪ್ಪ ಮೂವತ್ತು ವರ್ಷ ಮಿಲ್ಲಿನ ಬಾಯಿಗೆ ಬೀಜ ಸುರಿದವನು.
ಅಳಿಯನಿಗೆಂದು ತಂದ ಐದು ಲೀಟರಿನ ಡಬ್ಬ
ಜಗಲಿಯ ಮೇಲಿಟ್ಟು, ಮತ್ತೆ ಕಂಕುಳಿಗೆ ಎತ್ತಿಕೊಂಡು,
"ನಮ್ಮೆಣ್ಣೆ ಬ್ಯಾಡಂದ್ರೆ ಇನ್ನೇನು ಹಾಕಿ ಕರೀತೀಯವ್ವ" ಎಂದ.
ಉತ್ತರಕ್ಕೆ ಕಾಯದೆ ಬಸ್ಸಿಗೆ ನಡೆದ.

ಈಗ ಕೆಂಪು ದಾರ ಕಟ್ಟಿದ ಸೌಟು ಅವನದು,
ದಾರವಿಲ್ಲದ್ದು ಉಳಿದವರದು.
ಶೇಂಗಾ ಚಟ್ನಿ ಇಲ್ಲದೆ ಅತ್ತೆಗೆ ರೊಟ್ಟಿ ಇಳಿಯದು;
ಅವರ ಒರಳು ಹಿತ್ತಲಿಗೆ ಹೋಯಿತು,
ಅದರ ಹಿಂದೆ ತಟ್ಟೆ ಹಿಡಿದು ಅವರೂ ಹೋದರು.
ಮಗಳು ತನುಜಾಳಿಗೆ ಬದನೆ ಇದ್ದರಷ್ಟೇ ಮುದ್ದೆ.
ಹುಚ್ಚೆಳ್ಳು ಹುರಿದು ಪುಡಿ ಮಾಡಿದೆ: "ಕಹಿ."
ಅಗಸೆ: "ನಾಲಿಗೆಗೆ ಅಂಟುತ್ತೆ."
ಪುಟಾಣಿ: ಮಾತಿಲ್ಲದೆ ತಿಂದ.
ಅವತ್ತು ದೀಪ ಹಚ್ಚುವಾಗ
ದೇವರ ಜೊತೆ ಪುಟಾಣಿಯನ್ನೂ ನೆನೆದೆ.

ಕೋಪ ಬರುತ್ತದೆ, ಸುಳ್ಳೇಕೆ.
ಯಾವುದು ರೋಗ, ಯಾವುದು ರಂಪ
ಹತ್ತೊಂಬತ್ತು ವರ್ಷ ಬಡಿಸಿದರೂ ತಿಳಿದಿಲ್ಲ.
ಶೇಂಗಾಕ್ಕೆ ಡಾಕ್ಟರ ಚೀಟಿ ಇದೆ,
ಕರಿಬೇವಿಗೆ ಯಾರ ಚೀಟಿ?
ಕೇಳಿದೆ ಒಮ್ಮೆ. ಎಲೆಗಳ ಸಾಲಿಗೆ
ಇನ್ನೊಂದನ್ನು ಸೇರಿಸುತ್ತ ಹೇಳಿದ:
"ಇದು ನಂದೇ."

ನನಗೋ ಶೇಂಗಾ ಎಂದರೆ ಪ್ರಾಣ.
ತವರಲ್ಲಿ ಉಂಡೆ ತಿಂದು ಬಂದ ರಾತ್ರಿ
ನನ್ನ ಚಾಪೆ ಪಡಸಾಲೆಗೆ.
ಮುತ್ತಿಗೂ ಪಥ್ಯವುಂಟೆಂದು
ಯಾವ ಅವ್ವನೂ ಹೇಳಿ ಕಳಿಸುವುದಿಲ್ಲ.

ಕಳೆದ ಕಾರ್ತಿಕದ ಒಂದು ಸಂಜೆ
ಮೂಗಿಗೆ ಕರ್ಚೀಫು ಕಟ್ಟಿ,
ಬಿಸಿಲಿಗೆಂದು ಒಯ್ಯುವ ಛತ್ರಿಯ ತುದಿಗೆ
ಪೊಟ್ಟಣವೊಂದನ್ನು ನೇತುಹಾಕಿ
ಹಾವು ಹಿಡಿದವನಂತೆ ಬಂದ.
ಕಾಂಪೌಂಡಿನ ಮೇಲಿಟ್ಟು ದೂರ ಸರಿದು
"ಬಿಸಿ ಐತೆ. ಅಲ್ಲೇ ತಿನ್ನು" ಅಂದ.

ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಸುಲಿದೆ.
ಕಿಟಕಿಯ ಸರಳುಗಳ ಹಿಂದೆ ನಿಂತು
ನನ್ನ ಬಾಯನ್ನೇ ನೋಡುತ್ತಿದ್ದ
ರೀಡಿಂಗ್ ಬರೆದುಕೊಳ್ಳುವವನ ಹಾಗೆ.
"ಉಪ್ಪು ಹಿಡಿದೈತಾ?"
"ಹೂಂ."
"ಕರಕಾಗಿಲ್ಲ ತಾನೆ?"
"ಒಂದೆರಡು."
ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

ಸಿಪ್ಪೆ ಗುಡಿಸಿ, ಮೂರು ಸಲ ಬಾಯಿ ಮುಕ್ಕಳಿಸಿ,
ಸೋಪಿನಲ್ಲಿ ಕೈ ತೊಳೆದು, ಸೀರೆ ಬದಲಿಸಿ ಒಳಬಂದೆ.
ಕೆಂಪು ದಾರದ ಸೌಟಿನಲ್ಲಿ ಸಾರು ಬಡಿಸಿದೆ.
ಕರಿಬೇವು ಹಾಕಿದ್ದೆ, ಬೇಕೆಂದೇ, ಏಳು ಎಲೆ.
ಉಂಡೆದ್ದಾಗ ಅಂಚಿನಲ್ಲಿ ಆರು ಇದ್ದವು.
ತಟ್ಟೆ ತೊಳೆಯುವಾಗ ಇನ್ನೊಂದನ್ನು ಹುಡುಕಿದೆ.
ಸಿಗಲಿಲ್ಲ.