ಹನ್ನೊಂದು ಹೊಲಿಗೆ

ಇಪ್ಪತ್ತೆರಡು ವರ್ಷ ಅಪ್ಪ
ಕಟಿಂಗಿಗೆ ಗಂಗಾವತಿಗೆ ಹೋದ.
ಚೌರಕ್ಕಿಂತ ಬಸ್ ಚಾರ್ಜೇ ಹೆಚ್ಚು,
ಮೇಲೆ ಅರ್ಧ ದಿನದ ಹಮಾಲಿ ಖೋತಾ.
ಕಾರಟಗಿ ದಾಟಿದ ಮೇಲೆ ತಲೆಯ ಟವೆಲ್ಲು ಬಿಚ್ಚುತ್ತಿದ್ದ:
ಅಲ್ಲಿಂದ ಮುಂದೆ ಅದೂ ಒಂದು ತಲೆ.

ಊರಲ್ಲಿ ಅಂಗಡಿ ಇರಲಿಲ್ಲವೆಂದಲ್ಲ.
ಅಗಸಿಯ ಪಕ್ಕ, ತಗಡಿನ ಬಾಗಿಲು,
ಹಡಪದ ಸಂಗಪ್ಪನ ತಿರುಗುವ ಕುರ್ಚಿ.
ಉಗಾದಿಯ ಹಿಂದಿನ ದಿನ
ನಮ್ಮ ಕೇರಿಯ ಹುಡುಗನೊಬ್ಬ ಅದರಲ್ಲಿ ಕೂತ.
ರಾತ್ರಿ ಊರೇ ಬಡಿಗೆ ಹಿಡಿದು ಬಂತು.

ಕೇಸಾಯಿತು. ಕೊಪ್ಪಳಕ್ಕೆ ತಾರೀಖಿನ ಮೇಲೆ ತಾರೀಖು.
ಸಾಕ್ಷಿಗಳಿಗೆ ಒಬ್ಬೊಬ್ಬರಾಗಿ ಕಣ್ಣು ಕಾಣದಾಯಿತು.
ಅದಕ್ಕೂ ಮೊದಲೇ ತಹಸೀಲ್ದಾರರು ಶಾಂತಿ ಸಭೆ ಕರೆದು
ಪೇಡೆ ಹಂಚಿದ್ದರು. ಫೋಟೋದಲ್ಲಿ ಎಲ್ಲರೂ ಇದ್ದಾರೆ,
ತಲೆಗೆ ಬ್ಯಾಂಡೇಜು ಇದ್ದ ಕಾರಣ
ಅಪ್ಪ ಹಿಂದಿನ ಸಾಲಿನಲ್ಲಿ.

ಈ ಶ್ರಾವಣ ಸಂಗಪ್ಪ ತಾನೇ ಕೇರಿಗೆ ಬಂದ.
ನಳದ ಹತ್ತಿರ ನಿಂತು, "ಹುಲುಗಣ್ಣ, ಅಂಗಡಿಗಿ ಬಾ" ಅಂದ.
ಅಷ್ಟೇ. ಹೋದ.
ಅಪ್ಪ ನಾಲ್ಕು ವಾರ ಯೋಚಿಸಿದ.
ಕೂದಲು ಕಿವಿ ಮುಚ್ಚಿತು.

ಬೆಂಚಿನ ಮೇಲೆ ಒಂದನೇ ಆರೋಪಿಯ ಮಗ.
ಪೇಪರಿನಿಂದ ಕಣ್ಣೆತ್ತದೆ
ಒಂದು ಗೇಣು ಸರಿದ.
ನಾನು ನಿಂತೇ ಇದ್ದೆ.

ನೀರು ಚಿಮುಕಿಸಿ ಬಾಚುತ್ತಿದ್ದ ಹಣಿಗೆ
ಎಡಗಿವಿಯ ಹಿಂದೆ ತಡೆಯಿತು.
ಹಣಿಗೆ ಬಿಟ್ಟು ಬೆರಳಿಟ್ಟ ಸಂಗಪ್ಪ.
"ಎಷ್ಟ ಹೊಲಿಗಿ?"
"ಹನ್ನೊಂದು."
ಫ್ಯಾನು ಒಂದಷ್ಟು ಸುತ್ತು ತಿರುಗಿತು.
"ಬಡಿಗಿ ನಂದಾ."
"ಗೊತ್ತೈತಿ. ಊರಾಗ ಎಡಚ ನೀ ಒಬ್ಬನಾ."
"ಪೊಲೀಸರ ಮುಂದ ಹೇಳಬೇಕಿತ್ತು."
"ಹೇಳಿದ್ದೆ. ಬರಕೊಳ್ಳಲಿಲ್ಲ."

ಹೊಸ ಬ್ಲೇಡಿನ ಕಾಗದ ಬಿಚ್ಚಿದ,
ಅದೇ ಎಡಗೈ.
ಅಪ್ಪ ಗದ್ದ ಎತ್ತಿ ಕಣ್ಣು ಮುಚ್ಚಿದ.
ನಾನು ಮುಚ್ಚಲಿಲ್ಲ.

ದುಡ್ಡು ಬೇಡವೆಂದು ಕೈ ಆಡಿಸಿದ ಸಂಗಪ್ಪ.
ಅಪ್ಪ ನೂರರ ನೋಟು ಕನ್ನಡಿಯ ಮುಂದಿಟ್ಟು ನಿಂತ:
"ಚಿಲ್ಲರ ಕೊಡು.
ಪುಕ್ಕಟ ಅಂದ್ರ ನಾ ಮತ್ತ ಗಂಗಾವತಿ ದಾರಿ ಹಿಡೀಬೇಕಾಕ್ಕತಿ."
ಮೂವತ್ತು ರೂಪಾಯಿ. ಎಣಿಸಿಕೊಂಡ.
ಆಗ ಮಾತ್ರ ಸಂಗಪ್ಪ ಮುಖ ಆಚೆ ತಿರುಗಿಸಿ
ಕುರ್ಚಿಯನ್ನು ಝಾಡಿಸಿದ, ಬಹಳ ಹೊತ್ತು.

ಹೊರಗೆ ಕಾಲುವೆಯ ಮೇಲಿನ ಗಾಳಿ.
ಟವೆಲ್ಲು ಅಪ್ಪನ ಹೆಗಲ ಮೇಲಿತ್ತು.
"ನೀನೂ ಕುಂಡ್ರಬಹುದಿತ್ತು" ಅಂದ,
ಬೈದಂತೆ ಅಲ್ಲ.

ಗಂಗಾವತಿ ಬಸ್ಸು ಬಂತು.
ಗುರುತಿನ ಕಂಡಕ್ಟರು ಸೀಟಿ ಊದಿ ಕರೆದ,
ಅಪ್ಪ ಇಲ್ಲವೆಂದು ಕೈ ಮಾಡಿದ.

ನನ್ನ ಕೂದಲೂ ಬೆಳೆದಿತ್ತು.
ನಾನು ಹತ್ತಿದೆ.