ಛತ್ತಿನ ಭಾರ

ಒಳಗೆ ಬರಲೊಲ್ಲಳು.
ಹದಿನಾಲ್ಕನೇ ನಂಬರಿನ ಕೋಣೆಯ ಹೊಸ್ತಿಲಲ್ಲಿ ನಿಂತು
ನನ್ನನ್ನಲ್ಲ, ಬಣ್ಣದ ಗೊಂಬೆಗಳನ್ನಲ್ಲ,
ಮೇಲೆ ನೋಡುತ್ತಾಳೆ, ಫ್ಯಾನಿನ ಆಚೆ.

ಶಹಾಬಾದದ ಹುಡುಗಿ, ಚಂದಮ್ಮ, ಎಂಟು ವರುಷ.
ಕೇಸ್ ಪೇಪರಿನಲ್ಲಿ ಎರಡೇ ಸಾಲು:
ನಡುರಾತ್ರಿ ಫರಸಿಯ ಮಾಳಿಗೆ ಕುಸಿದು ತಮ್ಮ ತೀರಿದ;
ಇವಳನ್ನು ತೆಗೆದದ್ದು ಬೆಳಗಿನ ಒಂಬತ್ತಕ್ಕೆ.
ಆ ಒಂಬತ್ತು ತಾಸು
ಇಬ್ಬರೂ ಏನೇನು ಮಾತಾಡಿಕೊಂಡರೋ
ಪೇಪರಿಗೆ ಗೊತ್ತಿಲ್ಲ.

ಸರಿ, ಬೇವಿನ ಕೆಳಗೇ ಕುಂತೆವು,
ಚೀಟಿಯ ಸಾಲು, ಚಹಾದ ಗಾಡಿ, ಕಿರುಗುಡುವ ಸ್ಟ್ರೆಚರುಗಳ ನಡುವೆ.
ಏನು ಇಲಾಜು ಇದು, ಎಂದು ಅಜ್ಜಿ ಕೇಳಿದಳು.
ಆಟ, ಎಂದೆ.
"ಆಡೂದಕ ಕಲಬುರಗಿ ತನಕ ಬರಬೇಕೇನವ್ವಾ?"

ಉಸುಕಿನ ತಟ್ಟೆ ಇಂಡೆಂಟಿನಲ್ಲಿ ಸಿಕ್ಕಿಬಿದ್ದು ಎರಡು ವರ್ಷ.
ದಾಲ್ ಮಿಲ್ಲಿನಿಂದ ಮೂರು ಕಿಲೊ ತೊಗರಿ ನುಚ್ಚು ತಂದು
ಪರಾತಕ್ಕೆ ಸುರುವಿದೆ.
ಮೊದಲ ವಾರ ಬೆರಳಿಡಲಿಲ್ಲ.
ಎರಡನೆಯ ವಾರ ಅಳಿಲೊಂದು ಬಂದು ತಿಂದಿತು;
ಅವಳು ಅಳಿಲನ್ನು ನೋಡಿದಳು.
ನಾಲ್ಕನೆಯ ವಾರ ನುಚ್ಚಿನ ಗೋಡೆ ಕಟ್ಟಿ,
ಒಳಗೊಂದು ಬೇವಿನ ಕಾಯಿ ಮಲಗಿಸಿ,
ಮೇಲೆ ಪಾಟಿ ಹೊದಿಸಿ
ಬೀಳಿಸಿದಳು.
ತೆಗೆದಳು.
ಮತ್ತೆ ಬೀಳಿಸಿದಳು.
ಹನ್ನೊಂದು ಸಲ. ಎಣಿಸುವುದು ಬಿಟ್ಟು ನಾನೇನೂ ಮಾಡಲಿಲ್ಲ.
ಪಠ್ಯದಲ್ಲಿ ಇದಕ್ಕೊಂದು ಹೆಸರಿದೆ; ಆ ಹೊತ್ತಿಗೆ ನೆನಪಾಗಲಿಲ್ಲ.
ಹನ್ನೆರಡನೆಯ ಸಲ
ಕಾಯಿಯನ್ನು ಮೊದಲೇ ಎತ್ತಿ ಲಂಗದ ಮೇಲಿಟ್ಟುಕೊಂಡು
ಆಮೇಲೆ ಬೀಳಿಸಿದಳು.

ಅಷ್ಟು ವಾರಕ್ಕೆ ಮೊದಲ ಮಾತು:
"ಮೇಡಮ್ಮರ, ನಿಮ್ ಛತ್ತು ಎಷ್ಟು ವಜ್ಜಿ ಅದರಿ?"

"ಬೀಳೂದಿಲ್ಲ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು.
ಕಚ್ಚಿ ಹಿಡಿದೆ.
ಗೊತ್ತಿಲ್ಲ, ಕೇಳಿ ಹೇಳ್ತೀನಿ, ಎಂದೆ.

ಮುಂದಿನ ಗುರುವಾರ ರಜಾಕ ಮಿಸ್ತ್ರಿ ಬಂದ,
ಕಿವಿಯ ಮೇಲೆ ಮೋಟು ಪೆನ್ಸಿಲ್ಲು.
ದೊಡ್ಡವರಿಗೆ ಹೇಳುವಂತೆ ಹೇಳಿದ,
ತೊಲೆ, ಕಂಬ, ಸಲಾಕೆ, ಎಲ್ಲ ಮಣ್ಣಲ್ಲಿ ಗೀಚಿ;
ತಾನು ಕಟ್ಟಿದ ಗೋಡೆಯೊಂದು ಬಿದ್ದದ್ದನ್ನೂ ಮುಚ್ಚಿಡಲಿಲ್ಲ.
ಅವಳು ಎದ್ದು ಹೋಗಿ
ವರಾಂಡದ ಕಂಬವನ್ನು ಗೆಣ್ಣಿನಿಂದ ಬಡಿದು ನೋಡಿದಳು,
ಕಲ್ಲಂಗಡಿ ಕೊಳ್ಳುವವರ ಹಾಗೆ.

ಇವತ್ತು
ಒಂದು ಕಾಲು ಒಳಗೆ.
ಇನ್ನೊಂದು ಹೊರಗೇ, ಬಿಸಿಲಲ್ಲಿ, ಚಪ್ಪಲಿ ಸಮೇತ.
ನಾನೂ ಕುರ್ಚಿ ಬಿಟ್ಟು ಹೊಸ್ತಿಲಲ್ಲೇ ಕೂತೆ,
ನಡುವೆ ಪರಾತ.

ಬೇವಿನ ಕೆಳಗಿಂದ ಅಜ್ಜಿ ಕೂಗಿದಳು:
"ಆತೇನ ಆಟ? ಬಸ್ ಹೋಗ್ತದ!"

"ತಡಿ," ಎಂದಳು ಚಂದಮ್ಮ,
ತಿರುಗಿಯೂ ನೋಡದೆ.