ಉಳಿಸಿಕೊಂಡ ಪಟ್ಟು

ಸೊಹಾರ್ ಬಂದರಿನ ಹಿಂದೆ, ರಸ್ತೆ ಅಗೆದ ಗುಂಡಿಯಲ್ಲಿ
ನಾವಿಬ್ಬರೂ ಎದೆಮಟ್ಟ ಮಣ್ಣೊಳಗೆ.
ಮೇಲೆ ಟಾರ್ಪಾಲು. ಅದರ ಮೇಲೆ
ಬೆಳಗಿನ ಆರಕ್ಕೇ ಕೂತುಬಿಟ್ಟ ಆಗಸ್ಟು.

ಬೆವರಿನ ಮಹಿಮೆ ಕುರಿತು ಭಾಷಣ ಬಿಗಿಯುವವರು
ಒಮ್ಮೆ ಇಲ್ಲಿಗಿಳಿದು ನೋಡಲಿ.
ಕೇಬಲ್ ಜೋಡಿಸುವವನ ಕಸುಬಿನಲ್ಲಿ ಬೆವರು ಕಳ್ಳ.
ಹಣೆಯಿಂದ ಜಾರಿದ ಒಂದೇ ಹನಿ
ಸುಲಿದಿಟ್ಟ ಬಿಳಿ ಮೈಮೇಲೆ ಬಿತ್ತೋ,
ಇವತ್ತಲ್ಲ, ನಾಳೆಯಲ್ಲ,
ನಾಲ್ಕು ವರ್ಷ ಬಿಟ್ಟು ಯಾವುದೋ ರಾತ್ರಿ
ಒಂದು ಆಸ್ಪತ್ರೆಯ ದೀಪ ಆರುತ್ತದೆ.
ಅಷ್ಟೊತ್ತಿಗೆ ನಾನು ಹರಿಹರದಲ್ಲಿ.

ಖಲ್ಫಾನನಿಗೆ ಇಪ್ಪತ್ತು. ಸಹಮ್ ಕಡೆಯ ಮೀನುಗಾರರ ಮನೆ.
ಅಪ್ರೆಂಟಿಸ್ ಎಂದು ಬರೆದ ಹಸಿರು ಹೆಲ್ಮೆಟ್ಟು.
'ಪ' ಒಲಿಯದ ನಾಲಗೆಗೆ
ಹಾಲಪ್ಪನಾದ ನಾನು ಮೊದಲ ದಿನವೇ ಹಾಲಬ್ಬ.
ಆದರೆ ಆ ಬೆರಳು! ಅಪ್ಪನ ಬಲೆ ಹೆಣೆದ ಬೆರಳು.
ನಾನು ಮೂರು ತಿಂಗಳು ತೆಗೆದುಕೊಂಡದ್ದನ್ನು
ಅವನು ಚಾ ಆರುವುದರೊಳಗೆ ಕಲಿತ.
ಹೊಟ್ಟೆ ಉರಿಯಿತು, ಸುಳ್ಳೇಕೆ.

ಆಫೀಸಿನ ಹುಡುಗಿ ಕಂಪ್ಯೂಟರಿಗೇ ಹೇಳುವಂತೆ ಹೇಳಿದ್ದಳು:
ಇವನು ಪಾಸಾದರೆ ಹುದ್ದೆ ಇವನದು,
ನಿಮ್ಮ ವೀಸಾ ಮಾರ್ಚಿನವರೆಗೆ.

ನಮ್ಮೂರ ಗರಡಿಯಲ್ಲಿ ಒಂದು ಮಾತಿತ್ತು,
ಉಸ್ತಾದ ಎಲ್ಲ ಪಟ್ಟೂ ಕಲಿಸುತ್ತಾನೆ, ಒಂದು ಬಿಟ್ಟು.
ಶಿಷ್ಯ ತಿರುಗಿಬೀಳುವ ದಿನಕ್ಕೆ ಅದು ಬೇಕು.
ನನ್ನ ಹತ್ತಿರವೂ ಒಂದಿತ್ತು.
ಪುಸ್ತಕದಲ್ಲಿಲ್ಲ, ಕಂಪನಿಯ ವೀಡಿಯೊದಲ್ಲಿಲ್ಲ.
ಎಫ್ರೆನ್ ಎಂಬ ಫಿಲಿಪಿನೋ ಮೇಸ್ತ್ರಿ
ಊರಿಗೆ ಹೊರಟ ಬೆಳಿಗ್ಗೆ, ವ್ಯಾನಿಗೆ ಕಾಯುತ್ತ,
ಸೂಟ್‌ಕೇಸಿನ ಮೇಲೆ ಕೂತು ತೋರಿಸಿಕೊಟ್ಟದ್ದು:
ಕಪ್ಪು ಪದರ ಮುಗಿದು ಬಿಳಿ ಶುರುವಾಗುವ ಅಂಚಿದೆಯಲ್ಲ,
ಅಲ್ಲಿ ಕಣ್ಣು ಮುಚ್ಚು.
ಕೈಗವಸಿನೊಳಗಿಂದಲೇ ಕಿರುಬೆರಳು ಸುತ್ತಿಸು.
ಕಣ್ಣಿಗೆ ನುಣುಪಾದದ್ದು ಬೆರಳಿಗೆ ಮೆಟ್ಟಿಲು.

ಒಂಬತ್ತು ತಿಂಗಳು ಅದೊಂದನ್ನು ಬಾಯಿ ಬಿಡಲಿಲ್ಲ.
ಹೇಳೋಣ, ಈದ್ ಮುಗಿಯಲಿ.
ಹೇಳೋಣ, ಪರೀಕ್ಷೆ ಹತ್ತಿರ ಬರಲಿ.
ಅವನ ತಾಯಿ ಕಳಿಸಿದ ಖರ್ಜೂರ ತಿನ್ನುವಾಗ
ಬೀಜವೊಂದು ಗಂಟಲಲ್ಲೇ ನಿಂತಂತೆ.

ಇವತ್ತು ತಲೆಯೆತ್ತಿ ನೋಡಿದರೆ
ಹುಡುಗನ ಕಣ್ಣು ಮುಚ್ಚಿದೆ.
ಅಂಚಿನ ಸುತ್ತ ಬೆರಳು ಹೋಗುತ್ತಿದೆ, ಶ್ವಯ್ ಶ್ವಯ್, ಅವಸರವಿಲ್ಲ.
ಯಾರು ಹೇಳಿಕೊಟ್ಟರು? ಎಂದೆ, ದನಿ ಗಡುಸಾಗಿ.
ಹಿಂದಿ ಅರಬ್ಬಿ ಕಲಸಿದ ನಮ್ಮ ಭಾಷೆಯಲ್ಲಿ ಅವನೆಂದ:
ಬಲೆ ಹರಿಯೋದು ರಾತ್ರಿ ಕಡಲಲ್ಲಿ, ಹಾಲಬ್ಬ.
ದೀಪ ಹಚ್ಚಿದರೆ ಮೀನು ಓಡುತ್ತೆ.
ಮತ್ತೆ, ಕಿರುಬೆರಳಲ್ಲ. ಉಂಗುರದ ಬೆರಳು.
ಅದು ಬೇರೆ ಯಾವ ಕೆಲಸವನ್ನೂ ಮಾಡಿರೋದಿಲ್ಲ.

ಆಮೇಲೆ ಈ ಬದಿಗೆ ಬಗ್ಗಿ
ನಾನು ಮುಗಿಸಿಟ್ಟ ಅಂಚಿಗೂ ಬೆರಳು ಸುತ್ತಿದ.
ಅರ್ಧದಲ್ಲಿ ನಿಂತ.
ಏನೂ ಹೇಳಲಿಲ್ಲ.
ಉಪ್ಪುಕಾಗದ ನನ್ನತ್ತ ಚಾಚಿ,
ಮೊದಲು ಹಣೆ ಒರೆಸಿಕೊ ಎಂದು
ಸನ್ನೆ ಮಾಡಿದ.